ನೀಲಕ್ಕನ ಕೊನೆಯ ಬಾಗಿಲು

ನಮ್ಮಕ್ಕ ನೀಲಾಂಬಿಕ ತನ್ನ ಮೈದುನನ ಜೊತೆ ಮಾತು ಬಿಟ್ಟದ್ದು ಹೊಲದ ಬದುವಿಗಲ್ಲ, ಒಡವೆಗಲ್ಲ, ಮನೆಯ ಪಾಲಿಗಲ್ಲ. ಒಂದು ವಿಡಿಯೊ ಗೇಮಿಗೆ. ಶಿಕಾರಿಪುರದಲ್ಲಿ ಈ ಸುದ್ದಿ ಕೇಳಿದವರೆಲ್ಲ ನಕ್ಕರು. ಐವತ್ತು ಹತ್ತಿರ ಬಂದ ಹೆಂಗಸು, ಮಗಳನ್ನು ದಾವಣಗೆರೆಯ ಹಾಸ್ಟೆಲಿಗೆ ಓದಲು ಕಳಿಸಿದವಳು, ಮಕ್ಕಳಾಟಕ್ಕೆ ಮುನಿಸಿಕೊಂಡಳಂತೆ ಎಂದು ಆಡಿಕೊಂಡರು. ನಗುವವರು ನಗಲಿ. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಅವಳ ತಂಗಿ ಸೌಂದರ್ಯ. ಆನವಟ್ಟಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸಿಟ್ಟು ನನ್ನ ಹುಟ್ಟುಗುಣ. ಮಕ್ಕಳು ನನಗಿಟ್ಟಿರುವ ಅಡ್ಡಹೆಸರು ಏನೆಂದು ನನಗೆ ಗೊತ್ತು, ಅದನ್ನಿಲ್ಲಿ ಹೇಳುವುದಿಲ್ಲ. ನೀಲಕ್ಕ ಹಾಗಲ್ಲ. ಅವಳಿಗೆ ಸಿಟ್ಟೇ ಬರುವುದಿಲ್ಲ ಎಂದು ತವರಿನವರೂ ನಂಬಿದ್ದರು, ಗಂಡನ ಮನೆಯವರೂ ನಂಬಿದ್ದರು. ಸಿಟ್ಟು ಬಾರದವರ ಕೈಯಿಂದ ಏನು ಬೇಕಾದರೂ ತೆಗೆದುಕೊಳ್ಳಬಹುದು ಎಂಬುದು ಲೋಕದ ಲೆಕ್ಕ.

ಎರಡೂ ಮನೆಯಲ್ಲಿ ಒಂದೇ ಮಾತು ಚಾಲ್ತಿಯಲ್ಲಿತ್ತು: "ಕೊಡಿಲ್ಲಿ." ಕುಬಟೂರಿನ ನಮ್ಮ ತವರಿನಲ್ಲಿ ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕುತ್ತಿದ್ದವಳು ನೀಲಕ್ಕ. ಚುಕ್ಕಿ ಇಟ್ಟು, ಎಳೆ ಎಳೆದು, ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಅವ್ವ ಒಳಗಿನಿಂದ ಬಂದು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. "ಕೊಡಿಲ್ಲಿ, ಕೊನೀಗೆ ಸೊಟ್ಟ ಮಾಡಿಬಿಡ್ತಿ." ಕೊನೆಯ ಎಳೆ ಅವ್ವನದು. ದಾರಿಯಲ್ಲಿ ಹೋಗುವವರು ಅವ್ವನ ಕೈ ಹೊಗಳುತ್ತಿದ್ದರು. ನಾನಾಗಿದ್ದರೆ ರಂಗೋಲಿ ಬಟ್ಟಲನ್ನು ಬಾವಿಗೆ ಎಸೆಯುತ್ತಿದ್ದೆ. ನೀಲಕ್ಕ ಎದ್ದು, ಕೈ ಕೊಡವಿಕೊಂಡು, ದನದ ಕೊಟ್ಟಿಗೆ ಕಡೆ ಹೋಗುತ್ತಿದ್ದಳು.

ಮದುವೆಯಾಗಿ ಶಿಕಾರಿಪುರಕ್ಕೆ ಬಂದಳು. ಗಂಡ ಸಂಗಮೇಶ್ ಮತ್ತು ಅವರ ತಮ್ಮ ಚನ್ನೇಶ್ ಸೇರಿ ನಡೆಸುವ ಪಂಪ್‌ಸೆಟ್ಟು, ಪೈಪಿನ ಅಂಗಡಿ. ಮನೆ ಅದರ ಹಿಂದೆಯೇ. ಅಂಗಡಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸವೂ ಇತ್ತು. ತಾಮ್ರದ ತಂತಿಯನ್ನು ಸುರುಳಿ ಮಾಡಿ ಮೋಟಾರಿನ ಒಂದೊಂದು ಸಂದಿಗೂ ಕೂರಿಸಬೇಕು, ತಂತಿಯ ಮೇಲಿನ ಲೇಪ ಸುಲಿಯದ ಹಾಗೆ, ತಂತಿ ತುಂಡಾಗದ ಹಾಗೆ. ಅಂಗಡಿಯಲ್ಲಿ ಕೆಲಸಕ್ಕಿದ್ದವನು ಬಿಟ್ಟು ಹೋದಾಗ ನೀಲಕ್ಕ ನೋಡಿ ನೋಡಿ ಅದನ್ನು ಕಲಿತಳು. ಮಧ್ಯಾಹ್ನ ಊಟವಾದ ಮೇಲೆ ಗೋಡೆಗೊರಗಿ ಕೂತು ಸುತ್ತುತ್ತಿದ್ದಳು. ಕೊನೆಯ ಸಂದು ತುಂಬುವ ಹೊತ್ತಿಗೆ ಸಂಗಮೇಶ್ ಭಾವ ಬರುತ್ತಿದ್ದರು. "ಕೊಡಿಲ್ಲಿ, ಗಂಟು ನಾ ಹಾಕ್ತೀನಿ." ಗಂಟು ಹಾಕಿ, ಕರೆಂಟು ಕೊಟ್ಟು, ಮೋಟಾರು ಗುಂಯ್ ಎಂದ ಕೂಡಲೆ ಗಿರಾಕಿಯ ಮುಂದೆ ಕೈ ಒರೆಸಿಕೊಂಡು ನಿಲ್ಲುತ್ತಿದ್ದರು. "ಸಂಗಮೇಶಣ್ಣ ಕಟ್ಟಿದ ಮೋಟಾರು ಸುಡಲ್ಲ ಬಿಡ್ರಿ" ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರಾಯಿತು. ಆ ಹೆಸರಿನಲ್ಲಿ ನೀಲಕ್ಕನ ಪಾಲು ಎಷ್ಟೆಂದು ಭಾವನಿಗೂ ತಿಳಿಯದು, ಯಾಕೆಂದರೆ ಅವರು ಒಂದು ದಿನವೂ ಆ ಯೋಚನೆ ಮಾಡಿದವರಲ್ಲ.

ಕೆಟ್ಟವರಾಗಿದ್ದರೆ ಸಲೀಸಿತ್ತು. ಎದುರಿಗೆ ನಿಂತು ಬೈದು, ಬಸ್ಸು ಹತ್ತಿ ಬರಬಹುದಿತ್ತು. ಇವರು ಒಳ್ಳೆಯವರು. ಅತ್ತೆ ಹಾಲಮ್ಮ ಹೋಳಿಗೆ ಹೂರಣ ರುಬ್ಬಿಸಿಕೊಂಡು ಲಟ್ಟಿಸುವ ಹೊತ್ತಿಗೆ "ಕೊಡು ತಾಯಿ, ನೀ ದಣಿದೀಯ" ಎಂದು ಲಟ್ಟಣಿಗೆ ತೆಗೆದುಕೊಳ್ಳುವವರು. ಚನ್ನೇಶನಂತೂ ಉಪಕಾರದ ಮೂಟೆ. ಅತ್ತಿಗೆಗೆ ಜ್ವರ ಬಂದರೆ ರಾತ್ರೋರಾತ್ರಿ ಡಾಕ್ಟರ ಮನೆ ಬಾಗಿಲು ಬಡಿದವನು ಅವನೇ. ಯಾರ ಮೊಬೈಲು ಕೆಟ್ಟರೂ, ಯಾರ ಮಿಕ್ಸಿ ನಿಂತರೂ ಅವನ ಕೈ ಮುಂದೆ ಬರುತ್ತಿತ್ತು. ಕೇಳುವ ಮೊದಲೇ ಬರುತ್ತಿತ್ತು, ಅದೇ ಅವನ ರೋಗ.

ಹೋದ ವರ್ಷ ಮಗಳು ರಕ್ಷಿತಾ ಹಾಸ್ಟೆಲಿಗೆ ಹೋಗುವಾಗ ತನ್ನ ಹಳೆ ಟ್ಯಾಬನ್ನು ನೀಲಕ್ಕನಿಗೆ ಬಿಟ್ಟು ಹೋದಳು. ಅದರಲ್ಲಿ ಒಂದು ಆಟವಿತ್ತು. ಮಾತಿಲ್ಲ, ಕತ್ತಿಯಿಲ್ಲ, ಗುಂಡಿನ ಸದ್ದಿಲ್ಲ. ಜನ ಬಿಟ್ಟು ಹೋದ ಒಂದು ದೊಡ್ಡ ಊರು, ಅರ್ಧ ನೀರಿನಲ್ಲಿ ಮುಳುಗಿದೆ. ಕೈಯಲ್ಲಿ ಕಂದೀಲು ಹಿಡಿದ ಒಬ್ಬಳು ಹುಡುಗಿ, ನಾವು ಬೆರಳು ಎಳೆದ ಕಡೆ ನಡೆಯುತ್ತಾಳೆ. ಬಾಗಿಲು ಹುಡುಕಬೇಕು, ಮುಚ್ಚಿದ್ದನ್ನು ತೆರೆಯಬೇಕು, ಆ ಊರಿನವರು ಯಾಕೆ ಹೋದರು, ಎಲ್ಲಿಗೆ ಹೋದರು ಎಂದು ಕಂಡುಹಿಡಿಯಬೇಕು. ಆ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ನೀಲಕ್ಕ ಅದನ್ನು "ಆ ಊರು" ಎನ್ನುತ್ತಿದ್ದಳು.

ಸಂಜೆ ಫೋನು ಮಾಡಿದರೆ ಆ ಊರಿನದೇ ಸುದ್ದಿ. "ಇವತ್ತು ಒಂದು ಹಟ್ಟಿ ಸಿಕ್ತು ಕಣೆ. ಒಳಗೆ ತೊಟ್ಟಿಲು ಐತೆ, ಮಗು ಇಲ್ಲ. ಹಟ್ಟಿ ಹಿಂದೆ ಒಂದು ಬಾವಿ." ನಾನು ಮೊದಮೊದಲು ಹೂಂ ಹೂಂ ಎನ್ನುತ್ತ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆಮೇಲೆ ಪೆನ್ನು ಕೆಳಗಿಟ್ಟು ಕೇಳತೊಡಗಿದೆ. ಯಾಕೆಂದರೆ ಅವಳ ದನಿ ಬದಲಾಗಿತ್ತು. ಅಷ್ಟು ವರ್ಷದಲ್ಲಿ ಒಂದು ಕೆಲಸವನ್ನು ಮೊದಲಿಂದ ತುದಿವರೆಗೆ ತಾನೇ ಮಾಡುತ್ತಿದ್ದಾಳೆ ಎಂಬುದು ನನಗೆ ಹೊಳೆಯಿತು. ಅವಳೇ ಒಂದು ದಿನ ಬಾಯಿಬಿಟ್ಟು ಹೇಳಿದಳು: "ಇದೊಂದನ್ನ ನಾನೇ ಮುಗಿಸ್ತೀನಿ ಸೌಂದರ್ಯ. ಯಾರಿಗೂ ಕೊಡಲ್ಲ."

ಆಟದ ಕೊನೆ ಹತ್ತಿರ ಬಂದಾಗ ದೊಡ್ಡ ತೊಡಕು ಎದುರಾಯಿತು. ಊರಿನ ನಡುವೆ ನೀರಿನಡಿಯಲ್ಲಿ ಒಂದು ಬಾಗಿಲಿದೆ ಎಂದು ಗೊತ್ತು, ಆದರೆ ನೀರು ಇಳಿಸಬೇಕು. ಊರಿನ ಮೂಲೆ ಮೂಲೆಯಲ್ಲಿ ಕಲ್ಲಿನ ಚಕ್ರಗಳಿವೆ. ಒಂದನ್ನು ತಿರುಗಿಸಿದರೆ ಇಲ್ಲಿ ನೀರು ಇಳಿದು ಅಲ್ಲಿ ಏರುತ್ತದೆ. ರಕ್ಷಿತಾ ಈ ಚಕ್ರಗಳ ಹತ್ತಿರವೇ ಸೋತು ಆಟ ಬಿಟ್ಟಿದ್ದಳಂತೆ. ನೀಲಕ್ಕ ಬಿಡಲಿಲ್ಲ. ಸೊಪ್ಪು ಸೋಸುತ್ತ, ಗಿರಾಕಿಗೆ ಚಿಲ್ಲರೆ ಕೊಡುತ್ತ ಮನಸ್ಸಿನಲ್ಲೇ ಚಕ್ರ ತಿರುಗಿಸುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಫೋನು ಮಾಡಿ, "ನೀರು ಇಳೀತು" ಎಂದಷ್ಟೇ ಹೇಳಿ ಇಟ್ಟಳು. ನಾನು ಅಡಿಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ.

ಇಳಿದ ನೀರಿನಡಿಯ ಬಾಗಿಲು ತೆರೆದರೆ ಒಂದು ದುಂಡನೆಯ ಹಜಾರ. ನಡುವೆ ಒಂದು ಕರಿಕಲ್ಲು ನಿಂತಿದೆ. ಅದರ ತಲೆಯಿಂದ ನೀರು ಉಕ್ಕಿ ಕೆಳಗಿಳಿದು, ನೆಲದಲ್ಲಿ ಕೊರೆದ ಗೇಣಗಲದ ಕಾಲುವೆಯಲ್ಲಿ ಹರಿದು, ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಗೋಡೆಯುದ್ದಕ್ಕೂ ದೀಪಗಳು. ಹುಡುಗಿ ಪಕ್ಕದಲ್ಲಿ ನಡೆದರೆ ದೀಪ ಹೊತ್ತಿಕೊಳ್ಳುತ್ತದೆ, ಹಿಂದಿರುಗಿದರೆ ಆರುತ್ತದೆ. ಎಲ್ಲ ದೀಪ ಒಟ್ಟಿಗೆ ಹೊತ್ತಿದರೆ ಎದುರಿನ ಕೊನೆಯ ಬಾಗಿಲು ತೆರೆಯುತ್ತದೆ. ನೀಲಕ್ಕ ಇಲ್ಲಿ ಸಿಕ್ಕಿಕೊಂಡಳು. ಬಲಕ್ಕೆ ಹೋದಳು, ಅರ್ಧ ದೀಪ ಹೊತ್ತಿದವು. ಎಡಕ್ಕೆ ಹೋದಳು, ಉಳಿದರ್ಧ ಹೊತ್ತಿದವು. ಎರಡೂ ಒಟ್ಟಿಗೆ ಹೊತ್ತಲೊಲ್ಲವು. ಕಲ್ಲನ್ನು ತಳ್ಳಿ ನೋಡಿದಳು. ಕಂದೀಲು ಆರಿಸಿ ನೋಡಿದಳು. ಎಲ್ಲೋ ಬೀಗದ ಕೈ ಬಿಟ್ಟು ಬಂದಿರಬೇಕೆಂದು ತೊಟ್ಟಿಲಿದ್ದ ಹಟ್ಟಿಯವರೆಗೂ ನಡೆದು ಹೋಗಿ ಬಂದಳು. ವಾರಗಟ್ಟಲೆ ಹೀಗೇ ಕಳೆಯಿತು. ಬೇಜಾರಾಯಿತೇ ಎಂದರೆ "ಇಲ್ಲ, ಸಿಗುತ್ತೆ" ಎನ್ನುತ್ತಿದ್ದಳು.

ಆ ದಿನ ಅಂಗಡಿಗೆ ತಾಳಗುಂದದ ಕಡೆಯ ಗಿರಾಕಿಗಳು ಬಂದಿದ್ದರು. ನೀಲಕ್ಕ ಟ್ಯಾಬನ್ನು ಗಲ್ಲಾದ ಮೇಲಿಟ್ಟು ಅವರಿಗೆ ಟೀ ಮಾಡಲು ಒಳಗೆ ಹೋದಳು. ಟೀ ಲೋಟಗಳ ತಟ್ಟೆ ಹಿಡಿದು ಬರುವಾಗ ಚನ್ನೇಶ್ ಅವಳ ಕುರ್ಚಿಯಲ್ಲಿ ಕೂತಿದ್ದ. ಒಂದು ಕೈಯಲ್ಲಿ ಅವನ ಮೊಬೈಲು, ಅದರಲ್ಲಿ ಯಾರೋ ಆ ಆಟ ಆಡುವ ವಿಡಿಯೊ. ಇನ್ನೊಂದು ಕೈಯಲ್ಲಿ ಅವಳ ಟ್ಯಾಬು.

"ಮುಗೀತು ನೋಡ್ರಿ ಅತ್ತಿಗೆ," ಎಂದು ಟ್ಯಾಬನ್ನು ಅವಳ ಕಡೆ ತಿರುಗಿಸಿದ. "ಎಷ್ಟು ದಿನದಿಂದ ಒದ್ದಾಡ್ತಿದ್ರಿ, ನನಗೇ ನೋಡಾಕಾಗ್ಲಿಲ್ಲ. ಕಷ್ಟದ್ದೆಲ್ಲ ನೀವೇ ಮಾಡಿದ್ರಿ, ಇದು ಏನೂ ಅಲ್ಲ, ಸುಮ್ನೆ ಒಂದು..."

"ಹೇಳ್ಬ್ಯಾಡ," ಎಂದಳು ನೀಲಕ್ಕ.

"ಆತು ಬಿಡ್ರಿ, ಹೇಳಲ್ಲ. ಒಳಗೂ ಏನಿಲ್ರಿ. ಸುಮ್ನೆ ಸಮುದ್ರ ಐತಿ."

ಅವಳು ಟೀ ತಟ್ಟೆಯನ್ನು ಗಿರಾಕಿಗಳ ಮುಂದಿಟ್ಟಳು. ಪರದೆಯ ಮೇಲೆ ಹೆಸರುಗಳು ಸಾಲಾಗಿ ಮೇಲೇರುತ್ತಿದ್ದವು, ಆಟ ಮಾಡಿದವರ ಹೆಸರು. ಅವು ಮುಗಿದ ಮೇಲೆ ಆಟ ಮೊದಲಿನ ಪುಟಕ್ಕೆ ಬಂದು ನಿಂತಿತು. ನೀಲಕ್ಕ ಟ್ಯಾಬು ತೆಗೆದುಕೊಂಡು ಒಳಗೆ ಹೋಗಿ ಕೋಣೆಯ ಚಿಲಕ ಹಾಕಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಬಾಯಿಗೆ ಬರುವಾಗ ಇನ್ನೊಬ್ಬ ಉಂಡು, ರುಚಿ ಸಾಧಾರಣವಾಗಿತ್ತು ಎಂದೂ ಹೇಳಿದ್ದ.

ಮರುದಿನ ನಾನು ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಹೋದೆ. ಅವಳು ನನ್ನೆದುರು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಬರಬಹುದಿತ್ತು. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ಕಲ್ಲನ್ನು ಅಂಗಳಕ್ಕೆ ಎಸೆಯುವ ರೀತಿ ಮಾತ್ರ ಬೇರೆಯಾಗಿತ್ತು. ಭಾವ ಬಾಗಿಲಲ್ಲಿ ನಿಂತು, "ನೀವಾದ್ರೂ ಹೇಳ್ರಿ, ಆಟ ಅಲ್ವಾ? ಇನ್ನೊಂದು ಹಾಕ್ಕೊಂಡ್ರೆ ಆತು" ಎಂದರು. ಹಾಲಮ್ಮ, "ಅವನು ಒಳ್ಳೇದಕ್ಕೇ ಮಾಡಿದ್ದವ್ವ" ಎಂದರು. ಚನ್ನೇಶ್ ಮೂಲೆಯಲ್ಲಿ ಪೈಪು ಕೊಯ್ಯುತ್ತ ಮುಖ ಸಣ್ಣ ಮಾಡಿಕೊಂಡಿದ್ದ. ಒಳ್ಳೇದು ಮಾಡಿದವನ ಮುಖ ನೋಡಿ ಎಲ್ಲರಿಗೂ ಕರುಳು ಚುರುಕ್ ಎನ್ನುತ್ತಿತ್ತು, ಕಳೆದುಕೊಂಡವಳ ಮುಖ ನೋಡುವವರಿರಲಿಲ್ಲ.

ನಾನು ಬಾಯಿಗೆ ಬಂದದ್ದನ್ನು ಅಂದೆ. ಏನೇನು ಅಂದೆನೆಂದು ಪೂರ್ತಿ ನೆನಪಿಲ್ಲ. ಮೋಟಾರಿನ ಗಂಟಿನ ಸಂಗತಿಯೂ ಬಂತು, ಹೋಳಿಗೆಯೂ ಬಂತು. ಭಾವ ಕಕ್ಕಾಬಿಕ್ಕಿಯಾಗಿ, "ಗಂಟು ಹಾಕಿದ್ದಕ್ಕೂ ಇದಕ್ಕೂ ಏನ್ರಿ ಸಂಬಂಧ?" ಎಂದರು. ನಿಜವಾಗಿಯೂ ಕೇಳಿದರು, ಕುಹಕಕ್ಕಲ್ಲ. ಅದಕ್ಕೆ ನನ್ನ ಸಿಟ್ಟು ಇನ್ನೂ ಏರಿತು. ನೀಲಕ್ಕ ಮೊರ ಕೆಳಗಿಟ್ಟು, "ನೀನು ಸುಮ್ನಿರೆ. ಇದನ್ನೂ ನೀನೇ ಮಾಡಿ ಮುಗಿಸ್ಬ್ಯಾಡ" ಎಂದಳು. ಜಗಳ ಆಡುವುದಕ್ಕೂ ಅವಳಿಗೆ ನಾನು ಜಾಗ ಬಿಟ್ಟಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನನಗೆ ಉರಿಯಿತು, ಆದರೂ ಬಾಯಿ ಮುಚ್ಚಿದೆ.

ಅವಳು ಆಟವನ್ನು ಮೊದಲಿಂದ ಶುರು ಮಾಡಿದಳು. ಆ ಆಟದಲ್ಲಿ ನಡುವೆ ಎಲ್ಲೋ ಹಾರಿ ಕೂರುವ ಹಾಗಿಲ್ಲ. ಮೊದಲ ಹೊಸ್ತಿಲಿನಿಂದಲೇ ನಡೆಯಬೇಕು. ಟ್ಯಾಬಿಗೆ ಬೀಗದ ಸಂಖ್ಯೆ ಇಟ್ಟಳು. ಅಡಿಗೆಮನೆಯಲ್ಲಿ ಕೂತು, ಅಂಗಡಿಯಲ್ಲಿ ಎಲ್ಲರ ಮುಂದೆ ಕೂತು ಆಡಿದಳು. ಚನ್ನೇಶ್ ಎದುರಿಗೆ ಬಂದರೆ ಟ್ಯಾಬನ್ನು ಮಗುಚಿ ಇಡುತ್ತಿದ್ದಳು. ಅವನ ಜೊತೆ ಮಾತು ನಿಲ್ಲಿಸಿದ್ದಳು. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯಲು ಹಾಕುತ್ತಿದ್ದಳು, ಮಾತು ಮಾತ್ರ ಇಲ್ಲ. ಅವನು ಅಡ್ಡಾಡುತ್ತ, "ಅಷ್ಟು ಸಸಾರದ್ದು, ಒಂದೇ ಒಂದು ಮಾತು ಹೇಳಿದ್ರೆ ಮುಗೀತಿತ್ತು" ಎಂದು ಗಾಳಿಗೆ ಹೇಳುತ್ತಿದ್ದ. ಅವಳು ರೇಡಿಯೊ ದನಿ ಏರಿಸುತ್ತಿದ್ದಳು.

ಎರಡನೆಯ ಸಲ ಚಕ್ರಗಳನ್ನು ದಾಟಿ ದುಂಡು ಹಜಾರಕ್ಕೆ ಬಂದಳು. ಅಲ್ಲಿಯೇ ನಿಂತಳು. ಮತ್ತೆ ಬಲಕ್ಕೆ ಅರ್ಧ, ಎಡಕ್ಕೆ ಅರ್ಧ. ಸಸಾರದ್ದು ಎಂಬ ಮಾತು ಅವಳ ತಲೆಯಲ್ಲಿ ಕೂತಿತ್ತು, ಅದು ಗಾಯದ ಮೇಲೆ ಬರೆ. ಕಷ್ಟದ್ದನ್ನು ಮಾಡಿದವಳಿಗೆ ಸಸಾರದ್ದು ಕಾಣುತ್ತಿಲ್ಲ. ಫೋನಿನಲ್ಲಿ ಅವಳ ದನಿ ಮತ್ತೆ ಮೊದಲಿನಂತಾಗುತ್ತಿತ್ತು. ಒಂದು ಸಂಜೆ "ನನಗೆ ಕೊನೆ ಅನ್ನೋದು ಬರಲ್ವೇನೋ, ಅವ್ವ ಹೇಳಿದ್ದೇ ಖರೆಯೇನೋ" ಎಂದಳು.

ಮರುದಿನ ಸ್ಕೂಲಿನಿಂದ ಬರುತ್ತ ಆನವಟ್ಟಿ ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾಗದೆ ನಾನೂ ಆ ವಿಡಿಯೊ ತೆಗೆದು ನೋಡಿದೆ. ಆಡುತ್ತಿದ್ದವನು ಯಾವುದೋ ದೇಶದವನು. ದುಂಡು ಹಜಾರಕ್ಕೆ ಬಂದ, ಗೋಡೆಯ ಪಕ್ಕ ನಡೆಯುತ್ತ ಹೋದ, ಕಾಲುವೆಯ ನೀರು ದಾಟಿದ, ಇನ್ನರ್ಧ ಸುತ್ತಿದ, ದೀಪ ಎಲ್ಲ ಹೊತ್ತಿದವು. ಅವನು ಆ ನೀರನ್ನು ನೋಡಲೂ ಇಲ್ಲ. ಇಷ್ಟೇನಾ ಎಂದುಕೊಂಡೆ. ನಮ್ಮಕ್ಕ ಯಾಕೆ ದಾಟಲಿಲ್ಲ? ಮುಂದಿನ ಗಳಿಗೆಯಲ್ಲೇ ತಿಳಿಯಿತು, ತಿಳಿದು ತಲೆ ಚಚ್ಚಿಕೊಳ್ಳುವಂತಾಯಿತು.

ಶಿವನ ಗುಡಿಯಲ್ಲಿ ನಾವು ಪೂರ್ತಿ ಸುತ್ತು ಬರುವುದಿಲ್ಲ. ಲಿಂಗಕ್ಕೆ ಎರೆದ ನೀರು ಗರ್ಭಗುಡಿಯಿಂದ ಹೊರಗೆ ಹರಿಯುವ ಕಡೆ ನಿಲ್ಲಬೇಕು, ಹಿಂದಿರುಗಬೇಕು, ಇನ್ನೊಂದು ಕಡೆಯಿಂದ ಬಂದು ಅದೇ ನೀರಿನವರೆಗೆ ನಡೆದು ಮತ್ತೆ ಹಿಂದಿರುಗಬೇಕು. ಆ ನೀರನ್ನು ದಾಟಬಾರದು. ಕುಬಟೂರಿನಲ್ಲಿ ಗುಡಿಗಳಿಗೇನು ಬರವೇ? ನಡೆಯಲು ಕಲಿತಾಗಿನಿಂದ ಅಜ್ಜಿ ನಮ್ಮ ಕೈ ಹಿಡಿದು ಹೀಗೇ ಸುತ್ತಿಸಿದ್ದಳು. ದಾಟಬಾರದು ಎಂದು ಯಾರೂ ಈಗ ನಮಗೆ ಹೇಳಬೇಕಿಲ್ಲ, ನಾವು ಯೋಚಿಸುವುದೂ ಇಲ್ಲ, ಪಾದವೇ ತಿರುಗುತ್ತದೆ. ನೀಲಕ್ಕನ ಬೆರಳೂ ಹಾಗೇ ತಿರುಗುತ್ತಿತ್ತು. ದುಂಡು ಗೋಡೆ, ನಡುವೆ ಕರಿಕಲ್ಲು, ಅದರ ಮೇಲಿಂದ ಹರಿವ ನೀರು. ಆ ಹುಡುಗಿಯನ್ನು ಅವಳು ಎಷ್ಟೋ ಸಲ ಆ ನೀರಿನವರೆಗೆ ಕರೆದೊಯ್ದು ಭಕ್ತಿಯಿಂದ ಹಿಂದಕ್ಕೆ ತಂದಿದ್ದಳು.

ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಒಂದು ಮಾತು. ಅವಳ ಸಂಕಟ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ನನಗೂ ಚನ್ನೇಶನಿಗೂ ಏನು ವ್ಯತ್ಯಾಸ? ಅವನು ಅಂಗಡಿಯಲ್ಲಿ ಮಾಡಿದ್ದನ್ನು ನಾನು ಫೋನಿನಲ್ಲಿ ಮಾಡಿದ ಹಾಗಾಗುತ್ತದೆ. ಅವಳ ಫೋನು ಬಂದಾಗಲೆಲ್ಲ ತುಟಿ ಕಚ್ಚಿಕೊಂಡು, ಸ್ಕೂಲಿನ ಮಕ್ಕಳ ಮೇಲೆ ಹಾರಾಡಿ ಆ ದಿನಗಳನ್ನು ಕಳೆದೆ. ಉಪಕಾರ ಮಾಡದೆ ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಅಪ್ಪ ಶಾಂತವೀರಪ್ಪನವರ ಪುಣ್ಯತಿಥಿಗೆ ಇಬ್ಬರೂ ಕುಬಟೂರಿಗೆ ಹೋದೆವು. ಊಟ ಮುಗಿದ ಮೇಲೆ ಊರಾಚೆಯ ಸಣ್ಣ ಈಶ್ವರ ಗುಡಿಗೆ ಹೊರಟೆವು. ಬೆಳಿಗ್ಗೆ ಅಭಿಷೇಕವಾಗಿತ್ತು, ಸುತ್ತಿನ ಕಲ್ಲುಹಾಸು ಬಿಸಿಲಿಗೆ ಕಾದಿತ್ತು. ಅವಳು ಮುಂದೆ, ನಾನು ಹಿಂದೆ. ನೀರು ಹೊರಗೆ ಬೀಳುವ ಜಾಗಕ್ಕೆ ಬಂದೆವು. ಅಲ್ಲಿ ಕಲ್ಲು ಇನ್ನೂ ಹಸಿಯಾಗಿತ್ತು, ಒಂದೆರಡು ಬಿಲ್ವದ ಎಲೆ ಅಂಟಿಕೊಂಡಿದ್ದವು. ಅವಳ ಪಾದ ತಿರುಗಿತು. ಅರ್ಧ ತಿರುಗಿ ನಿಂತಿತು.

ನಾನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗುಡಿಯ ಗೋಡೆಯನ್ನೇ ನೋಡುತ್ತ ನಿಂತೆ. ಅವಳು ತನ್ನ ಪಾದ ನೋಡಿಕೊಂಡಳು, ನೀರು ನೋಡಿದಳು, ಮತ್ತೆ ಪಾದ ನೋಡಿದಳು. ಎಷ್ಟು ಹೊತ್ತು ಹಾಗೆ ನಿಂತಳೋ. ಅವಳು ದಾಟಲಿಲ್ಲ. ಯಾವಾಗಲೂ ಬರುವ ಹಾಗೆ ಹಿಂದಿರುಗಿ, ಇನ್ನೊಂದು ಕಡೆಯಿಂದ ಅರ್ಧ ಸುತ್ತು ಬಂದು, ಕೈ ಮುಗಿದು, ಗುಡಿಯ ಮುಂದಿನ ಕಟ್ಟೆಯ ಮೇಲೆ ಕೂತಳು. ಚೀಲದಿಂದ ಟ್ಯಾಬು ತೆಗೆದಳು.

"ಇಲ್ಲಿ ದಾಟಲ್ಲ," ಎಂದಳು. "ಇಲ್ಲಿ ದೇವರಿದಾನೆ. ಅಲ್ಲಿ ಎಂತದೂ ಇಲ್ಲ, ಬರೀ ನೀರು. ನನಗೆ ಇಷ್ಟು ದಿನ ಯಾಕೆ ಹೊಳೀಲಿಲ್ಲ ಮಾರಾಯ್ತಿ?"

ಅವಳು ನನ್ನ ಮುಖ ನೋಡಿದಳು.

"ನೀನು ನೋಡಿದೀಯ ಆ ವಿಡಿಯೊ."

"ಹೂಂ."

"ಆದ್ರೂ ಹೇಳ್ಲಿಲ್ಲ."

"ಇಲ್ಲ."

ಅವಳು ನನ್ನ ಮೊಣಕೈ ಹಿಡಿದು ಒಮ್ಮೆ ಅದುಮಿದಳು. "ಈಗ ಆ ಕಡೆ ತಿರುಗು. ನೋಡ್ಬ್ಯಾಡ," ಎಂದಳು.

ನಾನು ಗದ್ದೆಯ ಕಡೆ ಮುಖ ಮಾಡಿ ಕೂತೆ. ಯಾರೋ ಔಷಧಿ ಹೊಡೆಯುತ್ತಿದ್ದರು, ಅದರ ವಾಸನೆ ಗಾಳಿಯಲ್ಲಿತ್ತು. ಹಿಂದಿನಿಂದ ಸಣ್ಣಗೆ ಗಂಟೆಯಂಥ ಸದ್ದುಗಳು, ದೀಪ ಹೊತ್ತುವ ಸದ್ದು, ಒಂದಾದ ಮೇಲೊಂದು. ನಿಲ್ಲದೆ ಬಂದವು. ಆಮೇಲೆ ಭಾರದ ಕಲ್ಲು ಸರಿದ ಸದ್ದು. ನನಗೆ ಕುಣಿಯಬೇಕು ಎನಿಸಿತು. ತಿರುಗಬೇಡ ಎಂದಿದ್ದಳು, ತಿರುಗಲಿಲ್ಲ. ಅಲೆಗಳ ಸದ್ದು ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಅವಳು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಹೋಗುತ್ತಿದ್ದಾಳೆ ಎಂದು ತಿಳಿಯಿತು. ಯಾಕೆಂದು ಮಾತ್ರ ತಿಳಿಯಲಿಲ್ಲ.

"ಆತು, ತಿರುಗು," ಎಂದಾಗ ನೋಡಿದೆ. ಅವಳ ಮುಖದಲ್ಲಿ ನಾನು ಕಾಯುತ್ತಿದ್ದ ಸಂತೋಷ ಇರಲಿಲ್ಲ. ಕಣ್ಣು ಕೆಂಪಾಗಿತ್ತು, ದವಡೆ ಬಿಗಿದಿತ್ತು. ನನ್ನ ಮುಖದಲ್ಲಿ ಸದಾ ಇರುವಂಥದು ಅವಳ ಮುಖದಲ್ಲಿ ಮೊದಲ ಸಲ ಕಂಡೆ. "ನಾಳೆ ನನ್ನ ಜೊತೆ ಶಿಕಾರಿಪುರಕ್ಕೆ ಬಾ. ಏನೂ ಮಾತಾಡ್ಬ್ಯಾಡ, ಸುಮ್ನೆ ಬಂದು ಕೂತ್ಕೊ," ಎಂದಳು.

ಮರುದಿನ ನಾವು ಅಂಗಡಿಗೆ ಹೋದಾಗ ಗಿರಾಕಿಗಳಿರಲಿಲ್ಲ. ಭಾವ ಗಲ್ಲಾದಲ್ಲಿದ್ದರು, ಚನ್ನೇಶ್ ನೆಲದ ಮೇಲೆ ಒಂದು ಪಂಪು ಬಿಚ್ಚಿಕೊಂಡು ಕೂತಿದ್ದ. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ನೀಲಕ್ಕ ಚನ್ನೇಶನ ಎದುರು ಹೋಗಿ ನಿಂತು, "ದಾಟಿದೆ," ಎಂದಳು.

ಅಷ್ಟು ತಿಂಗಳ ಮೇಲೆ ಅತ್ತಿಗೆ ಮಾತಾಡಿದ್ದಕ್ಕೆ ಅವನ ಮುಖ ಅರಳಿತು. "ಹೌದಾ? ನಾ ಹೇಳಿದ್ನಲ್ರಿ, ಸಸಾರದ್ದು ಅಂತ. ನೀವೇ ಸುಮ್ನೆ..."

"ಕೇಳು," ಎಂದಳು. ದನಿ ಏರಿಸಲಿಲ್ಲ. "ಬಾಗಿಲು ತೆಗೀತು. ಒಳಗೆ ಸಮುದ್ರ. ನೀ ಹೇಳಿದ ಹಂಗೇ. ಆ ಊರಿನ ಜನ ಎಲ್ಲಾ ಯಾಕೆ ಹೋದ್ರು, ಎಲ್ಲಿ ಹೋದ್ರು ಅಂತ ಒಂದು ವರ್ಷ ಹುಡುಕಿದೀನಿ. ಆ ನೀರಿನ ಮುಂದೆ ನಿಂತಾಗ ನನಗೆ ಅಲೆ ಕೇಳಿಸ್ಲಿಲ್ಲ ಚನ್ನೇಶ. ನಿನ್ನ ದನಿ ಕೇಳಿಸ್ತು. ಒಳಗೇನಿಲ್ರಿ, ಸುಮ್ನೆ ಸಮುದ್ರ ಐತಿ ಅಂತ. ಹೊರಗೆ ಬಂದು ಮತ್ತೆ ಹೋದೆ. ಮತ್ತೂ ನಿನ್ನ ದನಿ. ಇನ್ನು ಎಷ್ಟು ಸಲ ಮೊದ್ಲಿಂದ ಆಡಿದ್ರೂ ಅದೇ ಕೇಳೋದು. ನಾನು ಎಲ್ಲ ಮಾಡಿದೆ. ಅದನ್ನ ಮೊದಲನೇ ಸಲ ನೋಡೋದೊಂದು ಇತ್ತು, ಅದು ಮಾತ್ರ ನನಗೆ ಇನ್ನು ಸಿಗಲ್ಲ."

ಚನ್ನೇಶ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವನು ನಗಲಿಲ್ಲ, ಆಟ ಅಲ್ವಾ ಎನ್ನಲಿಲ್ಲ. ಅದನ್ನು ನಾನು ಒಪ್ಪಬೇಕು. ಗ್ರೀಸು ಹತ್ತಿದ ಕೈಯನ್ನು ತೊಡೆಗೆ ಒರೆಸಿಕೊಂಡು ಎದ್ದು ನಿಂತ.

"ಹೋಗ್ಲಿ ಬಿಡೆ," ಎಂದರು ಭಾವ ಗಲ್ಲಾದಿಂದ. "ಅವನಿಗೇನು ಗೊತ್ತಿತ್ತು."

"ನಾ ಅವನ ಹತ್ರ ಮಾತಾಡ್ತಿದೀನ್ರಿ," ಎಂದಳು ನೀಲಕ್ಕ, ಅತ್ತ ತಿರುಗದೆ.

ಚನ್ನೇಶ್ ತಲೆ ತಗ್ಗಿಸಿ, "ತಪ್ಪಾತು ಅತ್ತಿಗೆ," ಎಂದ. "ಈಗ ನಾ ಏನ್ ಮಾಡ್ಲಿ, ಹೇಳ್ರಿ." ಆಗಲೇ ಅವನ ಒಂದು ಕಾಲು ಬಾಗಿಲ ಕಡೆ ಇತ್ತು. ಪೇಟೆಗೆ ಓಡು ಎಂದರೆ ಓಡುತ್ತಿದ್ದ, ಹೊಸ ಟ್ಯಾಬು ತಾ ಎಂದರೆ ತರುತ್ತಿದ್ದ.

"ಏನೂ ಮಾಡ್ಬ್ಯಾಡ," ಎಂದಳು ನೀಲಕ್ಕ. "ನನ್ನ ಕೈಯಾಗಿಂದು ನನ್ನ ಕೈಯಾಗೇ ಇರ್ಲಿ. ನಾನು ಒದ್ದಾಡ್ತಾ ಇದ್ರೂ ಇರ್ಲಿ. ನೋಡ್ಕೊಂಡು ಸುಮ್ನೆ ಇರೋದು, ಅಷ್ಟು ಆಗುತ್ತಾ ನಿನಗೆ?"

ಚನ್ನೇಶ್ ಯೋಚಿಸಿದ. ನಿಜವಾಗಿ ಯೋಚಿಸಿದ, ಹಣೆ ಗಂಟಾಯಿತು. ಏನೋ ಹೇಳಲು ಬಾಯಿ ತೆರೆದ.

"ಆಗುತ್ತೆ ಬಿಡೆ, ಯಾಕಾಗಲ್ಲ," ಎಂದರು ಭಾವ. "ಅವನ ಪರವಾಗಿ ನಾ ಹೇಳ್ತೀನಿ."

ತಮ್ಮನ ಬಾಯಿಗೆ ಬಂದ ಮಾತನ್ನೂ ಅವರೇ ಮುಗಿಸಿದರು. ನೀಲಕ್ಕ ನನ್ನ ಕಡೆ ನೋಡಿದಳು.